ಹೆಣ ಕಾದ ದ್ರೌಪದಿ

ರಾವೂರಿನ ದ್ರೌಪದಿಗೆ ಈಗ ಎಪ್ಪತ್ತೊಂದು. ಮೂವತ್ತೆರಡು ವರ್ಷ ಕಲ್ಲಿನ ಖಣಿಯಲ್ಲಿ ಫರಸಿ ಚಪ್ಪಡಿ ಎತ್ತಿದ ಮೈ. ಎಡಗೈಯ ಎರಡು ಬೆರಳು ಮಡಿಚುವುದಿಲ್ಲ, ಬಲಮೊಣಕಾಲು ಮಳೆಗಾಲದಲ್ಲಿ ಮಾತು ಕೇಳುವುದಿಲ್ಲ. ನಾಲಿಗೆ ಮಾತ್ರ ಹದಿನೆಂಟರದ್ದು. ನಲ್ಲಿಯಲ್ಲಿ ನಾಲ್ಕು ದಿನ ನೀರು ಬಾರದೆ ಹೋದಾಗ ಆರು ಖಾಲಿ ಕೊಡಗಳನ್ನು ಪಂಚಾಯಿತಿ ಕಾರ್ಯದರ್ಶಿಯ ಮೇಜಿನ ಮೇಲೆ ಸಾಲಾಗಿ ಇಟ್ಟು, "ತುಂಬಿಸಿ ಮನಿಗಿ ಕಳಸ್ರಿ" ಎಂದು ಹೇಳಿ ಬಂದವಳು ಅವಳು. ರೇಷನ್ ಅಂಗಡಿಯವನು ಅವಳನ್ನು ದೂರದಲ್ಲಿ ಕಂಡರೆ ತಕ್ಕಡಿ ಒರೆಸಿಡುತ್ತಾನೆ. "ನಮ್ಮತ್ತಿ ನಗಂಗಿಲ್ಲ ಅಂತಲ್ಲ, ಸಿಟ್ಟಿನಾಗ ಇದ್ದಾಗ ನಗ್ತಾಳ," ಎಂದು ಸೊಸೆ ಸುಶ್ಮಿತಾ ನೆರೆಯವರ ಹತ್ತಿರ ಹೇಳುವುದುಂಟು.

ಈ ಸಿಟ್ಟು ಹುಟ್ಟುಗುಣ ಎಂದು ಊರಿನ ಎಳೆಯ ಮಂದಿ ತಿಳಿದಿದ್ದಾರೆ. ಹಾಗೇನಿಲ್ಲ. ಹರೆಯದಲ್ಲಿ ದ್ರೌಪದಿ ಅಕ್ಕನ ಸೆರಗಿನ ಹಿಂದೆ ನಿಂತು ಮಾತಾಡುವ ಹುಡುಗಿಯಾಗಿದ್ದಳು. ಅವಳು ಬದಲಾದದ್ದು ಒಂದೇ ದಿನದಲ್ಲಿ. ಆ ದಿನದ ಕಥೆಯನ್ನು ಅವಳು ಮೂವತ್ತೆಂಟು ವರ್ಷ ಕೋರ್ಟಿನ ಹೊರಗೆ ಯಾರ ಮುಂದೆಯೂ ಪೂರ್ತಿಯಾಗಿ ಹೇಳಿರಲಿಲ್ಲ. ಹೇಳುವಂತೆ ಮಾಡಿದವಳು, ತನಗೆ ಗೊತ್ತಿಲ್ಲದೆಯೇ, ಲುಂಬಿನಿ.

ಲುಂಬಿನಿ ಶಹಾಬಾದದ ಕಾಲೇಜೊಂದರಲ್ಲಿ ಇತಿಹಾಸ ಕಲಿಸುವ ಅತಿಥಿ ಉಪನ್ಯಾಸಕಿ. ವಯಸ್ಸು ಮೂವತ್ತರ ಒಳಗೆ. ಹೋದ ವರ್ಷ ದೀಪಾವಳಿ ಕಳೆದ ವಾರದಲ್ಲಿ ಸ್ಕೂಟಿ ಹತ್ತಿಕೊಂಡು ರಾವೂರಿಗೆ ಬಂದಳು. ಊರ ದೊಡ್ಡವರೆಲ್ಲ ಸೇರಿ ಒಂದು ಸಮಿತಿ ಮಾಡಿಕೊಂಡಿದ್ದರು. ಇಪ್ಪತ್ತನೇ ಶತಮಾನದಲ್ಲಿ ಈ ಭಾಗದಲ್ಲಿ ಬಾಳಿ ಹೆಸರು ಮಾಡಿದವರ ಜೀವನಚರಿತ್ರೆಗಳನ್ನು ಒಂದು ದಪ್ಪ ಪುಸ್ತಕವಾಗಿ ತರುವುದು ಅದರ ಕೆಲಸ. ನಿಜಾಮನ ಕಾಲದಲ್ಲಿ ಜೈಲು ಕಂಡವರು, ಸೇಡಂ ಕಡೆಯ ಶಾಲೆ ಕಟ್ಟಿದ ಮಾಸ್ತರರು, ಚಿಂಚೋಳಿಯ ನಾಟಿ ವೈದ್ಯರು, ಪೈಲ್ವಾನರು, ವ್ಯಾಪಾರಸ್ಥರು. ಲುಂಬಿನಿಗೆ ಆರು ಅಧ್ಯಾಯ ಬರೆಯಲು ಕೊಟ್ಟಿದ್ದರು. ಒಂದಕ್ಕೆ ಫೋಟೋ ಬೇಕಾಗಿತ್ತು.

"ಆಯಿ, ಗುರುಪಾದಪ್ಪ ಸಾಹುಕಾರರ ಖಣಿಯಾಗ ದುಡಿದವರು ಈಗ ಭಾಳ ಮಂದಿ ಉಳದಿಲ್ರಿ. ನಿಮ್ಮದೊಂದು ಫೋಟೋ ತಗೋತೀನಿ. ಪುಸ್ತಕದಾಗ ಬರ್ತದ."

ದ್ರೌಪದಿ ಅಂಗಳದಲ್ಲಿ ಕೂತು ಮೊರದಲ್ಲಿ ತೊಗರಿ ಹಸನು ಮಾಡುತ್ತಿದ್ದಳು. ಕೈ ನಿಂತಿತು.

"ಅವನ ಮ್ಯಾಗ ಏನ್ ಬರದೀ? ಓದು."

ಲುಂಬಿನಿ ಹುರುಪಿನಿಂದಲೇ ಓದಿದಳು. ತಾನು ಬರೆದದ್ದನ್ನು ಕೇಳುವವರು ಸಿಕ್ಕರಲ್ಲ ಎಂಬ ಸಂತೋಷ ಅವಳಿಗೆ. "ಖಣಿ ಕಾರ್ಮಿಕರ ಪ್ರಾಣರಕ್ಷಣೆಗಾಗಿ ಖಣಿಯ ಗೋಡೆಯನ್ನು ಮೆಟ್ಟಿಲು ಮೆಟ್ಟಿಲಾಗಿ ಕಡಿಯುವ ಕ್ರಮವನ್ನು ಈ ಭಾಗದಲ್ಲಿ ಮೊಟ್ಟಮೊದಲು ಜಾರಿಗೆ ತಂದವರು ಗುರುಪಾದಪ್ಪನವರು. ಕೂಲಿಕಾರರನ್ನು ಅವರು ಹೊಟ್ಟೆಯ ಮಕ್ಕಳಂತೆ ಕಂಡರು..."

ಮೊರ ಅಂಗಳದ ಆ ತುದಿಗೆ ಹೋಗಿ ಬಿತ್ತು. ತೊಗರಿ ಚೆಲ್ಲಾಪಿಲ್ಲಿಯಾಯಿತು. ಒಳಗಿನಿಂದ ಸುಶ್ಮಿತಾ ಓಡಿ ಬಂದು ಹೊಸ್ತಿಲಲ್ಲೇ ನಿಂತಳು.

"ಇದನ್ನ ನಿನಗ ಹೇಳಿದವರು ಯಾರು?"

"ಅವರ ಮೊಮ್ಮಗ ಅಂಬರೇಶ ಅವರು ಕಾಗದಾ ಕೊಟ್ಟರ್ರಿ. ಫೋಟೋನೂ ಕೊಟ್ಟರು."

"ಖಣಿಯಾಗ ದುಡಿದವರು ಒಬ್ಬರನ್ನಾರ ಕೇಳಿದೇನು?"

ಲುಂಬಿನಿಯ ಮುಖ ಸಣ್ಣದಾಯಿತು. "ಕೇಳಲಿಲ್ರಿ."

"ಹಂಗಾರ ಕುಂದ್ರು. ಫೋನ್ ಒಳಗ ಇಡು. ಈಗ ಕೇಳು."

ಸಾವಿರದ ಒಂಬೈನೂರ ಎಂಬತ್ತಾರು, ಏಪ್ರಿಲ್ ತಿಂಗಳು. ರಾವೂರಿನ ಹೊರವಲಯದಲ್ಲಿದ್ದ ಗುರುಪಾದಪ್ಪನ ಖಣಿಯಲ್ಲಿ ಆಗ ಅರವತ್ತು ಆಳು. ಕಲ್ಲಿನ ಪದರುಗಳನ್ನು ಕೆಳಗಿನಿಂದ ಹಾರೆ ಹಾಕಿ ಎಬ್ಬಿಸುತ್ತ ಎಬ್ಬಿಸುತ್ತ ಒಳಕ್ಕೆ ಹೋಗಿದ್ದರು. ಮೇಲಿನ ಮಣ್ಣನ್ನೂ ಸಡಿಲು ಕಲ್ಲನ್ನೂ ತೆಗೆಯಬೇಕು, ತೆಗೆಯಲು ಆಳು ಹಚ್ಚಬೇಕು. ಅದರಿಂದ ಒಂದು ಫರಸಿಯೂ ಬರುವುದಿಲ್ಲ. ಹಾಗಾಗಿ ತೆಗೆಸಿರಲಿಲ್ಲ. ಎರಡಾಳೆತ್ತರದ ಮಣ್ಣುಕಲ್ಲಿನ ಗೋಡೆ ಕೆಲಸ ಮಾಡುವವರ ನೆತ್ತಿಯ ಮೇಲೆ ಚಾವಣಿಯ ಹಾಗೆ ಮುಂದಕ್ಕೆ ಬಾಗಿ ನಿಂತಿತ್ತು. ಬಿಸಿಲಿಗೆ ಬೇರೆ ನೆರಳಿಲ್ಲ. ಹೆಂಗಸರು ಅದರ ಕೆಳಗೇ ಬುತ್ತಿ ಬಿಚ್ಚುತ್ತಿದ್ದರು.

ಆ ದಿನ ಬೆಳಿಗ್ಗೆ, ಕಲ್ಲು ಸೀಳುವುದರಲ್ಲಿ ಎತ್ತಿದ ಕೈ ಎನಿಸಿಕೊಂಡಿದ್ದ ಮಜೀದಸಾಬ ಗೋಡೆಯ ಮೇಲೆ ಹೊಸ ಬಿರುಕು ಕಂಡ. ಮೂರು ಬೆರಳು ಹೋಗುವಷ್ಟು ಅಗಲ. ಆಳುಗಳ ಮೇಲ್ವಿಚಾರಕ ಮುಕಾದಮನನ್ನು ಕರೆದು ತೋರಿಸಿದ. ಸಾಹುಕಾರನೇ ಬಂದು ನೋಡಿದ. "ಎರಡು ಲಾರಿ ತುಂಬೋದದ. ನಾಳಿ ನೋಡೋಣ," ಎಂದು ಹೇಳಿ ಹೋದ. ಇದನ್ನು ದ್ರೌಪದಿ ಹತ್ತು ಹೆಜ್ಜೆ ದೂರದಲ್ಲಿ ನಿಂತು ತನ್ನ ಕಿವಿಯಾರೆ ಕೇಳಿದ್ದಳು.

ಮಧ್ಯಾಹ್ನ ಅವಳು ನೀರು ತರಲು ಹೋಗಿದ್ದಳು. ಕೊಡ ಹೊತ್ತು ತಿರುಗಿ ಬರುವಾಗ ನೆಲ ನಡುಗಿತು. ದೂಳು ಇಳಿದ ಮೇಲೆ ನೋಡಿದರೆ ಹೆಂಗಸರು ಕೂತಿದ್ದ ಜಾಗವೇ ಇರಲಿಲ್ಲ. ಉಳಿದವರೆಲ್ಲ ಕೈಯಲ್ಲಿ ಮಣ್ಣು ಬಗೆದರು. ಮೊದಲು ಸಿಕ್ಕವಳು ಕಾಶಿಬಾಯಿ. ಆಮೇಲೆ ಹದಿನಾರು ವರ್ಷದ ಸುನಿತಾ. ಅವಳಿಗೆ ಆ ತಿಂಗಳಲ್ಲೇ ಮದುವೆ ಗೊತ್ತಾಗಿತ್ತು. ಕೊನೆಗೆ ಯಂಕಮ್ಮ, ದ್ರೌಪದಿಯ ಅಕ್ಕ, ತಾಯಿ ಸತ್ತ ಮೇಲೆ ಅವಳನ್ನು ಸಾಕಿ ಬೆಳೆಸಿದವಳು. ಯಂಕಮ್ಮನ ಕೈಯಲ್ಲಿ ಮುರಿದ ರೊಟ್ಟಿಯ ತುಣುಕು ಹಾಗೇ ಇತ್ತು.

ಒಂದು ತಾಸಿನೊಳಗೆ ಸಾಹುಕಾರನ ಟ್ರ್ಯಾಕ್ಟರು ಬಂತು. ಮುಕಾದಮ ಮೂರೂ ಹೆಣಗಳನ್ನು ಎತ್ತಿ ಹಾಕಲು ಹೇಳಿದ. ದವಾಖಾನೆಗಲ್ಲ. ವಾಡಿ ರಸ್ತೆಗೆ. ರಸ್ತೆಯ ಬದಿಯ ತಗ್ಗಿನಲ್ಲಿ ಟ್ರ್ಯಾಕ್ಟರು ಮಗುಚಿ ಬಿತ್ತು, ಕೂಲಿ ಹೆಂಗಸರು ಕೆಳಗೆ ಸಿಕ್ಕರು ಎಂದು ಪೊಲೀಸರಲ್ಲಿ ಬರೆಸುವ ಮಾತಾಗಿತ್ತು. ಹಾಗಾದರೆ ಖಣಿ ನಿಲ್ಲುವುದಿಲ್ಲ. ಗಂಡಸರು ತಲೆ ತಗ್ಗಿಸಿ ನಿಂತರು. ನಾಳೆಯೂ ಅವರಿಗೆ ಇದೇ ಖಣಿ.

ಅಲ್ಲಿಯವರೆಗೆ ಅಳುತ್ತಿದ್ದ ದ್ರೌಪದಿ ಎದ್ದು ಟ್ರ್ಯಾಕ್ಟರಿನ ಮುಂದಿನ ಗಾಲಿಗೆ ಬೆನ್ನು ಕೊಟ್ಟು ಕೂತಳು.

"ನಮ್ಮಕ್ಕ ಎಲ್ಲಿ ಸತ್ತಾಳೋ ಅಲ್ಲೇ ಇರ್ತಾಳ. ದೊಡ್ಡ ಸಾಹೇಬ ಬಂದು ನೋಡೋತನಕ ಯಾರೂ ಮುಟ್ಟಬ್ಯಾಡ್ರಿ."

ಮುಕಾದಮ ಬೈದ. ಕೂದಲು ಹಿಡಿದು ಎಳೆದ. ಡ್ರೈವರನಿಗೆ ಗಾಡಿ ಬಿಡಲು ಹೇಳಿದ; ಡ್ರೈವರ ಕೀಲಿ ಮುಟ್ಟಲಿಲ್ಲ. ಸ್ವಲ್ಪ ಹೊತ್ತಿಗೆ ಮಜೀದಸಾಬ ಬಂದು ಅವಳ ಪಕ್ಕದಲ್ಲಿ ಕೂತ. ಅವನನ್ನು ನೋಡಿ ಸುನಿತಾಳ ಅವ್ವ ಕೂತಳು. ಹಾಗೆ ಹನ್ನೊಂದು ಜನರಾದರು. ಹೆಣಗಳ ಮೇಲೆ ಗೋಣಿತಟ್ಟು ಹೊದಿಸಿ, ಬೇವಿನ ತೊಪ್ಪಲು ಹರಡಿ, ಏಪ್ರಿಲ್ ಬಿಸಿಲಿನಲ್ಲಿ ಎರಡು ಹಗಲು ಒಂದು ಇರುಳು ಕಾದರು. ನಾಯಿಗಳನ್ನು ಓಡಿಸಿದರು, ನೊಣ ಓಡಿಸಿದರು, ಸಾಹುಕಾರನ ಮಂದಿಯನ್ನೂ ಓಡಿಸಿದರು. ಪಕ್ಕದ ಭಂಕೂರಿನ ಕೆಲವರು ಹೋಗಿ ಖಣಿ ಇಲಾಖೆಗೆ ತಂತಿ ಕೊಟ್ಟು ಬಂದರು. ಎರಡನೆಯ ದಿನ ಸಂಜೆ ಖಣಿಗಳನ್ನು ತಪಾಸಣೆ ಮಾಡುವ ಸಾಹೇಬ ಜೀಪಿನಲ್ಲಿ ಬಂದ. ಮೂಗಿಗೆ ಕರವಸ್ತ್ರ ಹಿಡಿದುಕೊಂಡೇ ಗೋಡೆ ಅಳೆದ, ಬರೆದುಕೊಂಡ.

ಆ ಬರಹದಿಂದ ಆದೇಶ ಬಂತು: ಗೋಡೆಯನ್ನು ಮೆಟ್ಟಿಲಾಗಿ ಕಡಿಯಬೇಕು, ಇಲ್ಲದಿದ್ದರೆ ಖಣಿ ಮುಚ್ಚಬೇಕು. ಗುರುಪಾದಪ್ಪ ಎರಡು ತಿಂಗಳು ತಪ್ಪಿಸಿಕೊಂಡು ನೋಡಿ, ಕೊನೆಗೆ ಕಡಿಸಿದ. ಅವನದು ಮೊದಲನೆಯದು ನಿಜ. ಮೊದಲು ಕೊಂದವನಿಗೆ ಮೊದಲು ಆದೇಶ ಬಂದಿತ್ತು. ಅವನನ್ನು ನೋಡಿ ಉಳಿದ ಖಣಿಯವರೂ ಕಡಿಸಿದರು.

ಕೇಸೂ ಆಯಿತು. ಬಿರುಕನ್ನು ಸಾಹುಕಾರನಿಗೆ ತೋರಿಸಿದ್ದ ಮಜೀದಸಾಬನೇ ಮುಖ್ಯ ಸಾಕ್ಷಿ. ಒಂದೂವರೆ ವರ್ಷದ ಮೇಲೆ ಕೋರ್ಟಿನ ಕಟಕಟೆಯಲ್ಲಿ ನಿಂತು ಅವನು, "ಆ ದಿನ ನಾ ಖಣಿಗೇ ಹೋಗಿರಲಿಲ್ರಿ, ವಾಡಿ ಸಂತ್ಯಾಗ ಇದ್ದೆ," ಎಂದ. ದ್ರೌಪದಿಯ ಮಾತನ್ನು ತಂಗಿಯ ದುಃಖದ ಮಾತು ಎಂದು ತಳ್ಳಿಹಾಕಿದರು. ಸಾಹುಕಾರ ಬಿಡುಗಡೆಯಾಗಿ ಹಾರ ಹಾಕಿಸಿಕೊಂಡು ಊರಿಗೆ ಬಂದ. ಆ ದಿನದಿಂದ ದ್ರೌಪದಿ ಮಜೀದಸಾಬನ ಮುಖ ನೋಡಿರಲಿಲ್ಲ.

ಕಥೆ ಮುಗಿಯುವ ಹೊತ್ತಿಗೆ ಲುಂಬಿನಿ ಚೆಲ್ಲಿದ ತೊಗರಿಯನ್ನು ಒಂದೊಂದೇ ಆರಿಸಿ ಗುಡ್ಡೆ ಮಾಡಿದ್ದಳು.

"ಆಯಿ, ನನ್ನ ತಪ್ಪಾಯ್ತು. ಈ ಅಧ್ಯಾಯ ವಾಪಸ್ ತಗೋತೀನಿ. ಆದ್ರ ಸಮಿತಿಯವರು ಸಾಕ್ಷಿ ಕೇಳ್ತಾರ. ಕೋರ್ಟಿನಾಗ ಅವರು ಗೆದ್ದಾರಲ್ರಿ."

"ಸಾಕ್ಷಿ ಅದಾನ. ಶಹಾಬಾದದಾಗ ಇನ್ನೂ ಉಸುರಾಡ್ಲಿಕತ್ತಾನ. ನಡಿ."

ಮನೆಯವರು ಬೇಡವೆಂದರೂ ಕೇಳದೆ ಮುದುಕಿ ಅದೇ ಸ್ಕೂಟಿಯ ಹಿಂದೆ ಕೂತಳು.

ಮಜೀದಸಾಬನ ಮನೆಯ ಬಾಗಿಲು ತೆಗೆದವಳು ಅವನ ಹೆಂಡತಿ ಹಮೀದಾಬಿ. ದ್ರೌಪದಿಯನ್ನು ಗುರುತು ಹಿಡಿಯಲು ಅವಳಿಗೆ ಒಂದು ಗಳಿಗೆಯೂ ಬೇಕಾಗಲಿಲ್ಲ. ಒಳಗೆ ಮಂಚದ ಮೇಲೆ ಎಂಬತ್ತರ ಮಜೀದಸಾಬ ದಿಂಬಿಗೆ ಒರಗಿ ಕೂತಿದ್ದ. ಖಣಿ ಬಿಟ್ಟ ಮೇಲೆ ಇಪ್ಪತ್ತು ವರ್ಷ ಕಲ್ಲು ಪಾಲಿಶ್ ಮಾಡುವ ಕಾರ್ಖಾನೆಯಲ್ಲಿ ದುಡಿದವನು. ಒಂದು ಮಾತಾಡಿದರೆ ಎರಡು ಸಲ ಕೆಮ್ಮುತ್ತಿದ್ದ.

"ಬಾ, ದ್ರೌಪದಿಬಾಯಿ. ಕುಂದ್ರು."

"ಕುಂದ್ರಾಕ ಬಂದಿಲ್ಲ. ಯಾಕ ಸುಳ್ಳ ಹೇಳಿದಿ, ಅಷ್ಟು ಹೇಳು. ಎಷ್ಟಕ್ಕ ಮಾರಿದಿ ನಮ್ಮಕ್ಕನ್ನ?"

ಉತ್ತರ ಕೊಟ್ಟವಳು ಹಮೀದಾಬಿ, ಅವಳ ದನಿಯೂ ಕಡಿಮೆಯದಲ್ಲ. "ಮಾರಿಲ್ಲ, ಬಾಯಿ! ಕೋರ್ಟಿನ ಹಿಂದಿನ ದಿನ ನಮ್ಮ ಮಶಾಕನ್ನ ಸಾಲಿಯಿಂದ ಎತ್ತಿಕೊಂಡು ಹೋದ್ರು. ಏಳು ವರ್ಷದ ಕೂಸು. ಸಂಜಿತನಕ ಖಣಿ ದಂಡಿಗಿ, ತಗ್ಗಿನ ಅಂಚಿಗೇ ಕುಂದ್ರಿಸಿ, ಕೈಯಾಗ ಬಿಸ್ಕೀಟ್ ಪುಡಾ ಕೊಟ್ಟು ತಂದು ಬಿಟ್ರು. ಒಂದು ಮಾತು ಬೈಲಿಲ್ಲ, ಹೊಡೀಲಿಲ್ಲ. 'ನಿಮ್ಮ ಮಗ ಭಾಳ ಶಾಣ್ಯಾ ಅದಾನ, ದಂಡ್ಯಾಗ ಅಲುಗಾಡದ ಕುಂತಿದ್ದ' ಅಂದು ಹೋದ್ರು. ನೀ ಆಗಿದ್ರ ಏನ್ ಮಾಡ್ತಿದ್ದಿ?"

ದ್ರೌಪದಿ ಮಂಚದ ಕಡೆಗೇ ನೋಡಿದಳು. "ನನಗ ಯಾಕ ಹೇಳಲಿಲ್ಲ?"

"ಹೇಳಿದ್ರ ನೀ ಸುಮ್ಮ ಇರ್ತಿದ್ದೇನು?" ಎಂದ ಮಜೀದಸಾಬ. "ಕಲ್ಲೆಬ್ಬಿಸೋ ಹಾರಿ ತಗೊಂಡು ಸಾಹುಕಾರನ ಮನಿಗಿ ಹೋಗ್ತಿದ್ದಿ. ಮಶಾಕ ಮತ್ತ ಸಾಲಿಗಿ ಹೋಗಬೇಕಾಗಿತ್ತು."

ಅದು ನಿಜವೆಂದು ಅವಳಿಗೆ ಗೊತ್ತಾಯಿತು. ಗೊತ್ತಾದ್ದರಿಂದ ಸಿಟ್ಟು ಇಳಿಯಲಿಲ್ಲ, ನಿಲ್ಲಲು ಜಾಗವಿಲ್ಲದೆ ಇನ್ನೂ ಉರಿಯಿತು.

"ಮಶಾಕಗ ಈಗ ನಲವತ್ನಾಲ್ಕು. ಅವಗ ಮೀಸಿ ಬಂದ ಮ್ಯಾಲರ ಹೇಳಬೇಕಿತ್ತು. ಸಾಹುಕಾರ ಸತ್ತ ಮ್ಯಾಲರ ಹೇಳಬೇಕಿತ್ತು. ಈಗ ಅವನ್ನ ದೇವರು ಮಾಡಿ ಬುಕ್ಕಿನಾಗ ಕುಂದ್ರಿಸ್ಲಿಕತ್ತಾರ. ಓದ ತಂಗಿ, ಇವನಿಗೂ ಓದು."

ಲುಂಬಿನಿ ಓದಿದಳು. ಮಜೀದಸಾಬ ಕಣ್ಣು ಮುಚ್ಚಿಕೊಂಡು ಕೇಳಿದ. ಹಮೀದಾಬಿ ತಂದ ಚಹಾವನ್ನು ಮುಟ್ಟದೆ ದ್ರೌಪದಿ ಹೊರಬಿದ್ದಳು.

ಲುಂಬಿನಿ ಸಮಿತಿಯ ಅಧ್ಯಕ್ಷರಾಗಿದ್ದ ನಿವೃತ್ತ ಹೆಡ್‌ಮಾಸ್ತರ ಶರಣಬಸಪ್ಪನವರ ಬಳಿ ಹೋಗಿ ಎಲ್ಲ ಹೇಳಿದಳು. ಅವರು ಕನ್ನಡಕ ತೆಗೆದು ಒರೆಸಿದರು. "ಸತ್ತವರ ಸುದ್ದಿ ಯಾಕ ಬೇಕಮ್ಮಾ? ಅಂಬರೇಶನವರು ಕಾಗದದ್ದೂ ಪ್ರಿಂಟಿಂಗಿಂದೂ ಎಲ್ಲಾ ನೋಡಿಕೊಳ್ಳಾಕತ್ತಾರ. ಮುಂದ ನೋಡೋಣ." ಅಧ್ಯಾಯ ಹಾಗೇ ಉಳಿಯಿತು. ಬರೆದವಳ ಹೆಸರನ್ನು ಮಾತ್ರ ತೆಗೆದರು. ಅದರ ಮೇಲೆ ಅಂಬರೇಶನಿಗೆ ಇನ್ನೊಂದು ಆಲೋಚನೆ ಹೊಳೆಯಿತು. ಪುಸ್ತಕ ಬಿಡುಗಡೆಯ ದಿನ ತನ್ನ ಅಜ್ಜನ ಖಣಿಯ ಹಿರಿಯ ಕಾರ್ಮಿಕಳೆಂದು ದ್ರೌಪದಿಗೆ ಶಾಲು ಹೊದಿಸಿದರೆ ಬಾಯಿ ಮುಚ್ಚುತ್ತಾಳೆ, ಫೋಟೋನೂ ಚೆನ್ನಾಗಿ ಬರುತ್ತದೆ ಎಂದುಕೊಂಡ. ಕಾರು ಕಳಿಸಿದ. ದ್ರೌಪದಿ ಕಾರು ಹತ್ತಲಿಲ್ಲ, ಬಸ್ಸಿನಲ್ಲಿ ಬಂದಳು.

ಜನವರಿಯ ಒಂದು ಭಾನುವಾರ, ಶಹಾಬಾದದ ಕಲ್ಯಾಣ ಮಂಟಪ. ಮುನ್ನೂರು ಕುರ್ಚಿ ತುಂಬಿದ್ದವು. ದೀಪ ಹಚ್ಚಿದ್ದಾಯಿತು, ಭಾಷಣಗಳಾದವು. ಅಂಬರೇಶ ಶಾಲು ಬಿಡಿಸಿಕೊಂಡು ನಗುತ್ತ ಬಂದಾಗ ದ್ರೌಪದಿ ಅದನ್ನು ಕೈಯಿಂದ ತಡೆದಳು.

"ಇದನ್ನ ಮಡಚಿ ಇಡಪ್ಪಾ. ನಮ್ಮಕ್ಕನ ಹೆಣಕ್ಕ ಹೊದಿಸಾಕ ಅವತ್ತು ನಿಮ್ಮಜ್ಜ ಒಂದು ತಟ್ಟೂ ಕೊಡಲಿಲ್ಲ."

ಮೈಕಿನ ಮುಂದೆ ನಿಂತು ಹೇಳತೊಡಗಿದಳು: ಬಿರುಕು, ಎರಡು ಲಾರಿ, ಟ್ರ್ಯಾಕ್ಟರು. ಮೂರು ಹೆಸರು ಹೇಳುವಷ್ಟರಲ್ಲಿ ಮೈಕು ಸತ್ತಿತು. ಯಾರೋ ತಂತಿ ಕಿತ್ತಿದ್ದರು. ಅರವತ್ತು ಸುತ್ತಿಗೆಗಳ ಸದ್ದಿನ ನಡುವೆ ಮಾತಾಡಿ ಬೆಳೆದ ಗಂಟಲಿಗೆ ಮೈಕು ಯಾತಕ್ಕೆ? ಕೊನೆಯ ಸಾಲಿನವರಿಗೂ ಕೇಳಿಸಿತು. "ಕಾಶಿಬಾಯಿ. ಸುನಿತಾ. ಯಂಕಮ್ಮ. ಮೆಟ್ಟಿಲು ಕಡಿಸಿದವರು ಈ ಮೂವರು. ನಿಮ್ಮ ಬುಕ್ಕಿನಾಗ ಎಷ್ಟನೇ ಪುಟದಾಗ ಅದಾರ? ತೋರಿಸ್ರಿ."

ವೇದಿಕೆಯ ಮೇಲೆ ಶರಣಬಸಪ್ಪನವರು ಪುಸ್ತಕದ ಮುಖಪುಟವನ್ನೇ ನೋಡುತ್ತ ಕೂತರು. "ಕೋರ್ಟಿನಾಗ ತೀರ್ಪಾಗಿದ್ದನ್ನ ಇಲ್ಲಿ ತೆಗಿಬ್ಯಾಡ್ರಿ," ಎಂದು ಅಂಬರೇಶ ದನಿ ಎತ್ತಿದ. "ಸಾಕ್ಷಿ ಏನದ ನಿಮ್ಮ ಹತ್ರ?"

"ನಾ ಅದೀನಿ."

ಎಲ್ಲರೂ ಹಿಂದಕ್ಕೆ ತಿರುಗಿದರು. ಬಾಗಿಲ ಹತ್ತಿರ ಮಜೀದಸಾಬ ಮಗ ಮಶಾಕನ ಹೆಗಲು ಹಿಡಿದು ಎದ್ದು ನಿಂತಿದ್ದ. ಅವನಿಗೆ ಯಾರೂ ಹೇಳಿ ಕಳಿಸಿರಲಿಲ್ಲ. ಒಂದೊಂದು ಮಾತಿಗೂ ನಿಂತು, ಕೆಮ್ಮಿ, ಉಸಿರು ತಗೊಂಡು ಹೇಳಿದ: "ಬಿರುಕು ತೋರಿಸಿದಾಂವ ನಾನು. ಕೋರ್ಟಿನಾಗ ಸುಳ್ಳ ಹೇಳಿದಾಂವನೂ ನಾನು. ಅಲ್ಲಾನ ಆಣಿ, ಈಕಿ ಹೇಳಾಕತ್ತಿದ್ದು ಖರೇ."

"ಅಜ್ಜಾ, ನಿಮಗ ವಯಸ್ಸಾಗ್ಯದ," ಎಂದ ಅಂಬರೇಶ.

ದ್ರೌಪದಿ ಅವನ ಕಡೆ ತಿರುಗಿ ನಕ್ಕಳು. "ವಯಸ್ಸಾಗ್ಯದ ಅಂತೇ ಖರೇ ಹೇಳಾಕತ್ತಾನ. ಈಗ ಎತ್ತಿಕೊಂಡು ಹೋಗ್ಲಿಕ್ಕ ಅವನ ಮನ್ಯಾಗ ಸಣ್ಣ ಕೂಸಿಲ್ಲ."

ಮಂಟಪದಲ್ಲಿ ಗದ್ದಲವೆದ್ದಿತು. ಕೆಲವರು ಪುಸ್ತಕವನ್ನು ಕುರ್ಚಿಯ ಮೇಲೇ ಬಿಟ್ಟು ನಡೆದರು. ಊಟ ತಯಾರಿತ್ತು, ಬಹಳ ಮಂದಿ ಊಟಕ್ಕೆ ಹೋದರು. ದ್ರೌಪದಿಗೆ ಎಲ್ಲಕ್ಕಿಂತ ಹೆಚ್ಚು ಸಿಟ್ಟು ಬಂದದ್ದು ಅದಕ್ಕೆ.

ಅದರಿಂದ ಆದದ್ದು ಇಷ್ಟು. ಮುಂದಿನ ಶೈಕ್ಷಣಿಕ ವರ್ಷಕ್ಕೆ ಲುಂಬಿನಿಯನ್ನು ಕಾಲೇಜಿಗೆ ಕರೆಯಲಿಲ್ಲ. ಕಾರಣ ಯಾರೂ ಹೇಳಲಿಲ್ಲ. ಅವಳು ಸುಮ್ಮನೆ ಕೂರದೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ, ಐದು ತಿಂಗಳು ಅಲೆದು, ಎಂಬತ್ತಾರರ ತಪಾಸಣೆಯ ವರದಿಯ ನಕಲು ತೆಗೆಸಿದಳು. ಮೂರು ಪುಟ. ಗೋಡೆಯ ಎತ್ತರ, ಅದು ಮುಂದಕ್ಕೆ ಬಾಗಿದ ಅಳತೆ, ಸತ್ತವರ ಹೆಸರು ಎಲ್ಲ ಇದ್ದವು. "ಒಬ್ಬ ಕೂಲಿ ಹೆಂಗಸಿನ ಹಟದಿಂದಾಗಿ ಶವಗಳು ಸ್ಥಳದಲ್ಲೇ ಇದ್ದ ಕಾರಣ ಪರಿಶೀಲನೆ ಸಾಧ್ಯವಾಯಿತು," ಎಂದು ಸಾಹೇಬ ಬರೆದಿದ್ದ. ಅದನ್ನು ಓದಿ ಹೇಳಿದಾಗ ದ್ರೌಪದಿ ಹಲ್ಲು ಕಡಿದಳು.

"ಎರಡು ಸರ್ತಿ ಹೆಸರು ಕೇಳಿದ್ದ ಅವ. ನಾ ಎರಡು ಸರ್ತಿ ಹೇಳಿದ್ದೆ."

ಲುಂಬಿನಿ ಆ ವರದಿಯನ್ನೂ ಮಜೀದಸಾಬ ಸಹಿ ಹಾಕಿದ ಹೇಳಿಕೆಯನ್ನೂ ಸೇರಿಸಿ ದ್ರೌಪದಿಯ ಜೀವನವನ್ನು ಹದಿನಾರು ಪುಟಗಳ ಪುಸ್ತಿಕೆಯಾಗಿ ಬರೆದಳು. ಅಚ್ಚಿಗೆ ಕೊಡುವ ಮೊದಲು ಓದಿ ಹೇಳಲು ಬಂದಾಗ ಮೊದಲ ಪುಟದಲ್ಲೇ ತಕರಾರು.

"'ಅಬಲೆ' ಅಂದ್ರ ಏನು?"

"ಬಲ ಇಲ್ಲದಾಕಿ, ಆಯಿ."

"ಒಂದೊಂದು ಫರಸಿ ನಿನಗಿಂತ ಭಾರ ಇರ್ತಿತ್ತು. ದಿನಕ್ಕ ಐವತ್ತು ಎತ್ತೀನಿ. ತೆಗಿ ಅದನ್ನ."

ತೆಗೆದಳು. ಸಮಿತಿಯ ಪುಸ್ತಕ ಎರಡನೇ ಮುದ್ರಣವಾಯಿತು. ಅದರಲ್ಲಿ ಗುರುಪಾದಪ್ಪನ ಅಧ್ಯಾಯವಿರಲಿಲ್ಲ. ಆ ಮೂವರದೂ ಇರಲಿಲ್ಲ. ಜಗಳವೇ ಬೇಡವೆಂದು ಶರಣಬಸಪ್ಪನವರು ಎರಡೂ ಕಡೆಯವರನ್ನು ಬಿಟ್ಟಿದ್ದರು.

ಆಗಸ್ಟಿನಲ್ಲಿ ಮಜೀದಸಾಬ ದವಾಖಾನೆಯಲ್ಲಿ ತೀರಿಕೊಂಡ. ಸುದ್ದಿ ತಿಳಿದು ದ್ರೌಪದಿ ಹೋಗುವಷ್ಟರಲ್ಲಿ ಮಶಾಕ ಕಾಗದಪತ್ರಕ್ಕಾಗಿ ವರಾಂಡದಲ್ಲಿ ನಿಂತಿದ್ದ. ಹಮೀದಾಬಿ ಗೋಡೆಗೆ ಒರಗಿ ಕೂತಿದ್ದಳು. ದ್ರೌಪದಿ ಅವಳ ಪಕ್ಕದಲ್ಲಿ ಕೂತಳು. ಕ್ಷಮಿಸಿದೆ ಎಂದು ಅವಳು ಹೇಳಲಿಲ್ಲ, ಹಮೀದಾಬಿ ಕೇಳಲೂ ಇಲ್ಲ.

"ಸಾವಿನ ಕಾರಣ ಏನ್ ಬರದಾರ?" ಎಂದು ಮಶಾಕನನ್ನು ಕೇಳಿದಳು.

"ವಯೋಸಹಜ ಅಂತ ಬರದಾರ, ಮೌಸಿ."

ದ್ರೌಪದಿ ಮೊಣಕಾಲು ಹಿಡಿದುಕೊಂಡು ಎದ್ದಳು. ಕಾಗದ ತಗೊಂಡು ಡಾಕ್ಟರರ ಕೋಣೆಗೆ ನೇರವಾಗಿ ನುಗ್ಗಿದಳು.

"ಇಪ್ಪತ್ತು ವರ್ಷ ಕಲ್ಲಿನ ದೂಳು ಕುಡದಾನ್ರಿ ಈ ಮನಷ್ಯಾ. ಎಕ್ಸ್‌ರೇ ನಿಮ್ಮ ಮೇಜಿನ ಮ್ಯಾಲೇ ಅದ. ವಯಸ್ಸು ಅಂತ ಯಾಕ ಬರದೀರಿ?"

ಎಳೆಯ ವಯಸ್ಸಿನ ಡಾಕ್ಟರು ಮೊದಲು ಹೊರಗೆ ಹೋಗೆಂದರು. ಅವಳು ಹೋಗಲಿಲ್ಲ. ಬಾಗಿಲಲ್ಲಿ ಜನ ಸೇರಿದರು. ಡಾಕ್ಟರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಆಮೇಲೆ ಹಳೆಯ ಕಾಗದ ಹರಿದು, ಹೊಸದರಲ್ಲಿ ಕಲ್ಲಿನ ದೂಳಿನಿಂದ ಬಂದ ಶ್ವಾಸಕೋಶದ ಕಾಯಿಲೆ ಎಂದು ಬರೆದು ಸಹಿ ಹಾಕಿದರು. ದ್ರೌಪದಿಗೆ ಓದಲು ಬಾರದು. ಮಶಾಕನ ಕೈಯಲ್ಲಿ ಎರಡು ಸಲ ಓದಿಸಿ ಕೇಳಿದ ಮೇಲೆಯೇ ಅವಳು ಹೆಣ ಎತ್ತಲು ದಾರಿ ಬಿಟ್ಟಳು.